ಬಾಗಿಲು ತೆಗೆದ ಪ್ರಸಂಗ

೯ ನವೆಂಬರ್ ೨೦೦೬, ಗುರುವಾರ, ಸೂರ್

ಮಗ ಪ್ರಥಮನಿಗೆ ಛದ್ಮವೇಷದಲ್ಲಿ ಫಸ್ಟ್ ಪ್ರೈಜ್. ಬಹುಮಾನವಾಗಿ ಬಂದ ಹಾಟ್‌ಕೇಸ್ ಅಡಿಗೆಮನೆಯ ಕಟ್ಟೆಯ ಮೇಲೆ ಥಳಥಳ ಹೊಳೆಯುತ್ತಿದೆ. ಪ್ರತಿ ವರ್ಷ ಸಮಾಧಾನಕರ ಬಹುಮಾನದ ಪೆನ್ನು ತಂದು ತಂದು ಡ್ರಾಯರ್ ತುಂಬಿತ್ತು. ಈ ಸಲ ಸೇಡು ತೀರಿಸಿಕೊಂಡೆ.

ಮಸ್ಕತ್ತಿನಿಂದ ಇಷ್ಟು ದೂರದ ಈ ಊರಿನ ನಮ್ಮ ಕನ್ನಡ ಕೂಟದವರು ರಾಜ್ಯೋತ್ಸವಕ್ಕೆ ಕೊಟ್ಟ ವಿಷಯ ‘ಲೋಕನಾಯಕರು’. ಗಾಂಧೀಜಿ, ವಿವೇಕಾನಂದರು ಯಾವ ರಾಜ್ಯೋತ್ಸವವನ್ನೂ ತಪ್ಪಿಸುವುದಿಲ್ಲ. ಈ ಸಲವೂ ಎರಡು ಗಾಂಧೀಜಿ, ಎರಡು ವಿವೇಕಾನಂದ, ಒಬ್ಬಳು ಕಿತ್ತೂರು ಚೆನ್ನಮ್ಮ. ಯಾರೂ ಮುಟ್ಟದ್ದನ್ನು ಮಾಡಬೇಕೆಂದು ನಾನೇ ಹಿಟ್ಲರನನ್ನು ಆರಿಸಿದೆ. ಪೇಟೆಯ ದರ್ಜಿಯ ಹತ್ತಿರ ಕಂದು ಅಂಗಿ ಹೊಲಿಸಿ, ನನ್ನ ಕಾಡಿಗೆಯಲ್ಲೇ ಮೂಗಿನ ಕೆಳಗೆ ಚೌಕ ಮೀಸೆ ಬರೆದೆ. ಹುಡುಗ ಕೈ ಮುಂದಕ್ಕೆ ಚಾಚಿ ಠಕ್ ಠಕ್ ಎಂದು ವೇದಿಕೆಗೆ ಸುತ್ತು ಹಾಕಿದ್ದೇ ತಡ, ಇಡೀ ಹಾಲ್ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿತು. ಕೂಟದ ಕಾರ್ಯದರ್ಶಿ ನೊರ್ಬರ್ಟ್ ಮೈಕ್ ಹಿಡಿದು, “ಡಿಸಿಪ್ಲಿನ್ ಅಂದ್ರೆ ಹೀಗೆ ಇರ್ಬೇಕು ಮಾರಾಯ್ರೆ” ಎಂದರು.

ಚಪ್ಪಾಳೆ ತಟ್ಟದವರು ಒಬ್ಬರೇ. ನಮ್ಮ ಮನೆಯವರ ಗ್ಯಾಸ್ ಪ್ಲಾಂಟಿನ ಬಾಸ್ ಯಾನ್ ಮುಖ್ಯ ಅತಿಥಿಯಾಗಿ ಬಂದಿದ್ದರು, ಜೊತೆಗೆ ಅವರ ತಾಯಿ. ಚಳಿಗಾಲ ಕಳೆಯಲು ಹಾಲೆಂಡಿನಿಂದ ಮಗನ ಮನೆಗೆ ಬಂದ ಅಜ್ಜಿ, ಹೆಸರು ಮಾರಿಕೆ. ಪ್ರಥಮ್ ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಎದ್ದು ಹೊರಗೆ ಹೋದರು. ಬಿಸಿಬೇಳೆಬಾತಿಗೆ ಹಿಂದೆ ಒಗ್ಗರಣೆ ಹಾಕುತ್ತಿದ್ದರು, ಪಾಪ, ಹೊಗೆ ತಡೆಯಲಿಲ್ಲವೇನೋ.

೧೨ ನವೆಂಬರ್, ಭಾನುವಾರ

ಹೊಗೆ ಅಲ್ಲ.

ಸಂಜೆ ಇವರು ಡ್ಯೂಟಿಯಿಂದ ಬಂದವರು ಶೂ ಸಹ ಬಿಚ್ಚದೆ ಕೂತರು. ಯಾನ್ ಅವರ ಡ್ರೈವರ್ ರಹ್ಮತ್ ಹೇಳಿದನಂತೆ: ಆ ಸಂಜೆ ಅಮ್ಮಾಜಿ ಕಾರಿನಲ್ಲಿ ಕೂತು, ಮನೆಗೆ ಬೇಡ, ಸಮುದ್ರದ ಬದಿಯಲ್ಲಿ ಸುಮ್ಮನೆ ಓಡಿಸು ಎಂದರು. ಆಮೇಲೆ ಇವರು ಯಾನ್ ಹತ್ತಿರವೇ ಕೇಳಿದ್ದಾರೆ. ಅಜ್ಜಿ ಯಹೂದಿ. ಯುದ್ಧದ ಕಾಲದಲ್ಲಿ ಪುಟ್ಟ ಹುಡುಗಿ. ಒಂದು ರೈತರ ಮನೆಯಲ್ಲಿ ಅಡಗಿಸಿಟ್ಟು ಉಳಿಸಿದರು. ಅಪ್ಪ, ಅಮ್ಮ, ಅಣ್ಣ ಯಾರೂ ಉಳಿಯಲಿಲ್ಲ.

“ನಾನು ಸಾರಿ ಹೇಳಿ ಆಯ್ತು. ನೀನು ಇನ್ನು ಅದನ್ನು ಎಳೀಲಿಕ್ಕೆ ಹೋಗ್ಬೇಡ” ಎಂದರು ಇವರು. ಇವರು ಹೇಳಿದ ಮೇಲೆ ಮುಗಿಯಿತು. ಮನೆಯಲ್ಲಿ ಕೂತು ನಾಲ್ಕು ಮಕ್ಕಳಿಗೆ ಸಮಾಜಪಾಠದ ಟ್ಯೂಷನ್ ಹೇಳುವ ನಾನು ಅಲ್ಲಿ ಹೋಗಿ ಏನು ಮಾತಾಡಲಿ?

ಆದರೆ ನನಗೆ ನಾಚಿಕೆಯಾಗುತ್ತಿದೆ. ಒಂಬತ್ತನೆಯ ತರಗತಿಯ ಹೊಸ ಪಠ್ಯದಲ್ಲಿ ಹಿಟ್ಲರನ ಪಾಠವೇ ಇದೆ. ಫ್ರಾನ್ಸಿನ ಕ್ರಾಂತಿ ಮುಗಿಸಿ, ರಷ್ಯದ ಕ್ರಾಂತಿ ಮುಗಿಸಿ, ಡಿಸೆಂಬರಿನಲ್ಲಿ ನಾನೇ ಅದನ್ನು ಹೇಳಿಕೊಡುವವಳಿದ್ದೆ. ಗ್ಯಾಸ್ ಕೋಣೆಯ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ‘ಪರೀಕ್ಷೆಗೆ ಬರುತ್ತದೆ’ ಎಂದು ಬರೆದಿಟ್ಟಿದ್ದೇನೆ. ಗೆರೆ ಎಳೆದ ಅದೇ ಕೈಯಲ್ಲಿ ಮೀಸೆ ಬರೆದೆ.

೧೬ ನವೆಂಬರ್, ಗುರುವಾರ

ಇವರು ಬೇಡ ಎಂದರೂ ಹೋಗಿಬಂದೆ. ಹಾಟ್‌ಕೇಸ್ ತುಂಬ ನೀರುದೋಸೆ, ಜೊತೆಗೆ ಕಾಯಿಬೆಲ್ಲ. ಬರಿಗೈಯಲ್ಲಿ ಹೋಗಿ ಕ್ಷಮೆ ಕೇಳುವುದು ನಮ್ಮ ಕಡೆ ಕ್ರಮವಲ್ಲ.

ಅಜ್ಜಿಯೇ ಬಾಗಿಲು ತೆಗೆದರು. ನಾನು ಇಂಗ್ಲಿಷಿನಲ್ಲಿ ಕಟ್ಟಿಕೊಂಡು ಹೋಗಿದ್ದ ವಾಕ್ಯಗಳೆಲ್ಲ ಹೊಸ್ತಿಲಲ್ಲೇ ಬಿದ್ದವು. “ಆ ಮೀಸೆ ಬರೆದವಳು ನಾನು, ಈ ಡಬ್ಬಿ ಅದಕ್ಕೆ ಸಿಕ್ಕಿದ ಬಹುಮಾನ” ಎಂದು ಒದರಿಬಿಟ್ಟೆ. ಅವರು ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು.

“ಮೀಸೆ ಚೆನ್ನಾಗಿತ್ತು. ಅವನದ್ದು ಅಷ್ಟು ನೇರ ಇರಲಿಲ್ಲ” ಎಂದರು.

ಅವರು ಒಳಗೆ ಕರೆದು ನೀರುದೋಸೆ ಬಿಚ್ಚಿ, ಬೆಳಕಿಗೆ ಹಿಡಿದು, ಆಚೆ ಬದಿ ಕಾಣುತ್ತದೆ ಎಂದು ಬೆರಗುಪಟ್ಟು ತಿಂದರು. ಆಮೇಲೆ ಮೆಲ್ಲಗೆ ಹೇಳಿದರು: “ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಾನು ವೇಷಕ್ಕೆ ಹೆದರಲಿಲ್ಲ. ಚಪ್ಪಾಳೆಗೆ ಹೆದರಿದೆ.”



೨೧ ನವೆಂಬರ್

ಪ್ರಥಮ್: “ಅಮ್ಮಾ, ಇಟ್ ವಾಸ್ ಜಸ್ಟ್ ಫ್ಯಾನ್ಸಿ ಡ್ರೆಸ್. ಯು ಓನ್ಲಿ ಮೇಡ್ ಮಿ ಡು ಇಟ್.” ಹೌದು. ಇನ್ನು ಅಜ್ಜಿಯ ಮನೆಗೆ ಬರುವುದಕ್ಕೂ ನಾನೇ ಹೇಳುತ್ತಿದ್ದೇನೆ, ನಡೆ ಎಂದೆ.

೩ ಡಿಸೆಂಬರ್, ಭಾನುವಾರ

ಇವತ್ತು ಅಜ್ಜಿ ತಾವಾಗಿಯೇ ಹೇಳಿದರು. ಪ್ರಥಮ್ ಮೊದಲು ಮೊಬೈಲ್ ಒತ್ತುತ್ತಿದ್ದವನು ಆಮೇಲೆ ಅದನ್ನು ಜೇಬಿಗೆ ಹಾಕಿದ. ಕೇಳಿದ್ದನ್ನು ಮರೆಯುವ ಮುಂಚೆ ಬರೆದಿಡುತ್ತೇನೆ.

ಏಳು ವರ್ಷದ ಹುಡುಗಿ. ಒಂದು ಬೆಳಿಗ್ಗೆ ಅಮ್ಮ ಜಡೆ ಹಾಕಿ, ಯಾರೋ ಗುರುತಿಲ್ಲದ ಹೆಂಗಸಿನ ಕೈಗೆ ಕೊಟ್ಟು, ಇವರ ಜೊತೆ ಹಳ್ಳಿಗೆ ಹೋಗಿ ಹಾಲು ಕುಡಿದು ದಪ್ಪಗಾಗಿ ಬಾ ಎಂದಳಂತೆ. ರೈಲಿಳಿದು ಮಂಜಿನಲ್ಲಿ ನಡೆದು ಒಂದು ತೋಟದ ಮನೆ. ಆ ಹೆಂಗಸು ದೂರದಿಂದಲೇ ಬೆರಳು ತೋರಿಸಿ ಹಿಂದಿರುಗಿದಳು, ಬಾಗಿಲು ತಟ್ಟಿದ್ದು ಹುಡುಗಿಯೇ. ತೆಗೆದವಳು ಆಫ್ಕೆ, ರೈತನ ಹೆಂಡತಿ, ಐದು ಮಕ್ಕಳ ತಾಯಿ. ಯಾರು, ಎಲ್ಲಿಂದ ಎಂದು ಕೇಳಲಿಲ್ಲ. ಮೇಜಿಗೆ ಇನ್ನೊಂದು ಬಟ್ಟಲು ಇಟ್ಟಳು. ಅಂದಿನಿಂದ ಹುಡುಗಿಯ ಹೆಸರು ಮಾರಿಕೆ.

ಒಂದು ಚಳಿಗಾಲದ ಸಂಜೆ ಊಟಕ್ಕೆ ಕೂತಾಗ ಜರ್ಮನ್ ಅಧಿಕಾರಿ ಬಾಗಿಲು ಬಡಿದ. ಅಡಗಲು ಸಮಯವಿರಲಿಲ್ಲ, ಹುಡುಗಿಯ ಕೈಯಲ್ಲಿ ಚಮಚ ಹಾಗೇ ನಿಂತಿತು. ತಂಗಿಯ ಮಗಳು, ರೋಟರ್‌ಡ್ಯಾಮಿನಲ್ಲಿ ಬಾಂಬು ಬಿದ್ದು ಮನೆ, ಕಾಗದಪತ್ರ ಎಲ್ಲ ಸುಟ್ಟುಹೋಯಿತು ಎಂದಳು ಆಫ್ಕೆ. ಅವನು ನಂಬಲಿಲ್ಲ. ಹುಡುಗಿಯನ್ನೇ ನೋಡುತ್ತ ನಿಂತ. ಆಗ ಆಫ್ಕೆ ಅವನ ಹತ್ತಿರ ಹೋಗಿ ಏನೋ ಹೇಳಿದಳು. ಅವನು ಟೊಪ್ಪಿ ತೆಗೆದು ಮೇಜಿಗೆ ಕೂತ, ಒಂದು ಲೋಟ ಹಾಲು ಕುಡಿದ, ಎದ್ದು ಹೋದ. ಮತ್ತೆ ಆ ಮನೆಗೆ ಯಾರೂ ಬರಲಿಲ್ಲ.

“ಏನು ಹೇಳಿದಳು?” ಎಂದೆ.

“ಗೊತ್ತಿಲ್ಲ. ನನ್ನ ಕಿವಿ ತುಂಬ ನನ್ನ ಎದೆಯದ್ದೇ ಸದ್ದು. ದೊಡ್ಡವಳಾದ ಮೇಲೆ ಎಷ್ಟು ಸಲ ಕೇಳಿದೆ. ಅವನಿಗೆ ಏನು ಹೇಳಿದೆ, ನನ್ನನ್ನು ಯಾಕೆ ಇಟ್ಟುಕೊಂಡೆ ಎಂದು. ಪ್ರತಿ ಸಲವೂ ಅವಳದ್ದು ಒಂದೇ ಉತ್ತರ: ಹಾಲು ಕುಡಿ, ಆರುತ್ತದೆ. ಹಾಗೆಯೇ ತೀರಿಹೋದಳು.”

ಪ್ರಥಮ್ ನಡುವೆ ಬಾಯಿ ಹಾಕಿದ. ಮಾರಿಕೆಗಿಂತ ಮುಂಚೆ ಯಾವ ಹೆಸರು ಇತ್ತು ಎಂದು. ಅಜ್ಜಿ ಅವನ ಕಡೆ ತಿರುಗಿದರು. “ಯುದ್ಧ ಮುಗಿದ ಮೇಲೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಕರೆಯುವವರಿಲ್ಲದ ಹೆಸರನ್ನು ಇಟ್ಟುಕೊಂಡು ಏನು ಮಾಡುವುದು, ಮಗು?”

ಫೆಬ್ರವರಿ ಹದಿನೆಂಟಕ್ಕೆ ಅಜ್ಜಿ ಊರಿಗೆ ವಾಪಸು. ಮತ್ತೆ ಇಷ್ಟು ದೂರ ಬರುವ ಶಕ್ತಿ ಇಲ್ಲವಂತೆ. ಕನ್ನಡದವರು ಎಂದರೆ ಆ ಮೀಸೆ, ಆ ಚಪ್ಪಾಳೆ, ಅಷ್ಟೇ ನೆನಪು ಹೊತ್ತು ಅವರು ವಿಮಾನ ಹತ್ತಬಾರದು. ಏನು ಮಾಡಲಿ ಎಂದು ಗೊತ್ತಿಲ್ಲ. ಆದರೆ ಅದು ನಮ್ಮ ಕೊನೆಯ ಮಾತಾಗಿ ಉಳಿಯಲು ನಾನು ಬಿಡುವುದಿಲ್ಲ.

೧೫ ಡಿಸೆಂಬರ್, ಶುಕ್ರವಾರ

ಕೂಟದ ಮೀಟಿಂಗ್ ನೊರ್ಬರ್ಟ್ ಅವರ ಮನೆಯಲ್ಲಿ. ಪ್ರತಿ ಫೆಬ್ರವರಿಯಲ್ಲಿ ನಮ್ಮದೊಂದು ತಾಳಮದ್ದಳೆ ಇರುತ್ತದೆ. ಮಸ್ಕತ್ತಿನ ರೂವಿಯಿಂದ ಉಪಾಧ್ಯರು ಬಂದು ಕೃಷ್ಣನಾಗಿಯೋ ಕೌರವನಾಗಿಯೋ ಎದುರಾಳಿಯನ್ನು ಮಾತಿನಲ್ಲೇ ಮಣ್ಣು ಮುಕ್ಕಿಸಿ ಹೋಗುತ್ತಾರೆ. ಈ ವರ್ಷವೂ ಕೃಷ್ಣಸಂಧಾನ ಇಡೋಣ ಎಂದು ಎಲ್ಲರೂ ತಲೆಯಾಡಿಸುತ್ತಿದ್ದರು. ಕಳೆದ ರಾತ್ರಿಯಿಂದ ನನ್ನ ತಲೆಯಲ್ಲಿ ಕೂತಿದ್ದದ್ದು ಬಾಯಿಗೆ ಬಂತು.

“ಆಫ್ಕೆಯ ಕಥೆ ಇಡುವ” ಎಂದೆ. ಕಥೆಯನ್ನೂ ಹೇಳಿದೆ. ಇವರು ಮೇಜಿನಡಿಯಲ್ಲಿ ನನ್ನ ಕಾಲು ತುಳಿದರು.

ವೇಷ ನಮಗೆ ಒಮ್ಮೆ ಕೈ ಕೊಟ್ಟಿದೆ. ತಾಳಮದ್ದಳೆಯಲ್ಲಿ ವೇಷವೇ ಇಲ್ಲ. ಬಣ್ಣ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಕೂತವರು ಆ ಪಾತ್ರವಾಗಿ ಆಗಲೇ ಹುಟ್ಟಿದ ಮಾತಿನಲ್ಲಿ ಅರ್ಥ ಹೇಳುತ್ತಾರೆ, ವಾದಕ್ಕೆ ಪ್ರತಿವಾದ ಕೊಡುತ್ತಾರೆ. ಆಫ್ಕೆ ಅವನಿಗೆ ಏನು ಹೇಳಿದಳೆಂದು ಯಾರಿಗೂ ಗೊತ್ತಿಲ್ಲ. ಅಂಥದ್ದನ್ನು ತುಂಬುವುದಕ್ಕೇ ಅಲ್ಲವೇ ಅರ್ಥಧಾರಿ ಇರುವುದು?

ನೊರ್ಬರ್ಟ್ ತಲೆ ತುರಿಸಿದರು. “ಒಳ್ಳೆ ಕಥೆ ಹೌದು ವಾರಿಜಕ್ಕ. ಆದ್ರೆ ಪರದೇಶದಲ್ಲಿ ಕೂತು ಬೇರೆಯವರ ತಲೆನೋವು ನಮ್ಗೆ ಯಾಕೆ? ನಾವು ಬಂದದ್ದು ದುಡಿದು ತಿನ್ಲಿಕ್ಕೆ.” ಮತ್ತೊಬ್ಬರು ಪುರಾಣ ಬಿಟ್ಟು ತಾಳಮದ್ದಳೆ ಉಂಟಾ ಎಂದರು. ಖಲಾಸ್, ಮುಗಿಯಿತು, ಸಂಧಾನವೇ ಇರಲಿ ಎಂದಾಯಿತು.

ನನಗೆ ಬಂದ ಸಿಟ್ಟಿಗೆ ಮೈಯೆಲ್ಲ ಬಿಸಿ. ಚಹಾದ ಲೋಟ ತೊಳೆಯುತ್ತಿದ್ದಾಗ ನೊರ್ಬರ್ಟ್ ಅವರ ಹೆಂಡತಿ ರೋಸಲಿಂಡ್ ಪಕ್ಕಕ್ಕೆ ಬಂದು, “ಲೋಟ ಒಡೀಬೇಡಿ ಅಕ್ಕ, ಸೆಟ್ ಅದು. ಇವರನ್ನು ನಾನು ನೋಡ್ಕೊಳ್ತೇನೆ” ಎಂದಳು.

೨೪ ಡಿಸೆಂಬರ್, ಭಾನುವಾರ

ಮಧ್ಯಾಹ್ನ ನೊರ್ಬರ್ಟ್ ಸಂಸಾರ ರೂವಿಯ ಇಗರ್ಜಿಗೆ ಹೊರಟಿದ್ದು, ದಾರಿಯಲ್ಲಿ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿದರು. ಕ್ರಿಸ್‌ಮಸ್ ತಿಂಡಿಯ, ಕುಸ್ವಾರಿನ ಡಬ್ಬಿ ಕೊಟ್ಟರು. ನೊರ್ಬರ್ಟ್ ಹೋಗದೆ ಬಾಗಿಲಲ್ಲೇ ನಿಂತು ಕೆಮ್ಮಿದರು.

“ಇಗರ್ಜಿಯ ಹಾಡು ಪ್ರಾಕ್ಟೀಸ್ ಮಾಡುವಾಗ ನಂಗೆ ನಿಮ್ಮ ಕಥೆಯೇ ನೆನಪಾಯ್ತು ಅಕ್ಕ. ಇವತ್ತು ನಾವು ಹಾಡುದು ಎಂತದು? ತುಂಬಿದ ಗರ್ಭಿಣಿಗೆ ಇಡೀ ಊರಲ್ಲಿ ಒಬ್ಬ ಬಾಗಿಲು ತೆಗೀಲಿಲ್ಲ, ಅದೇ ಅಲ್ವಾ? ಇದನ್ನು ಹಾಡಿ, ಅದು ಬೇಡ ಅಂದ್ರೆ ಹೇಗೆ?” ಎಂದು ಜೇಬಿನಿಂದ ಮಡಚಿದ ಕಾಗದ ತೆಗೆದು, ಅಲ್ಲೇ ಮೆಟ್ಟಿಲ ಮೇಲೆ ಭಾಮಿನಿಯಲ್ಲಿ ಒಂದು ಪದ್ಯ ಹಾಡಿದರು. ಕಾರ್ಕಳದಲ್ಲಿ ನೆರೆಮನೆಯ ಭಾಗವತರಿಂದ ಕಲಿತ ಕಂಠ. ಆಫ್ಕೆ ಎಂಬ ಹೆಸರು ಭಾಮಿನಿಗೆ ಕೂರುವುದಿಲ್ಲವೆಂದು ಒದ್ದಾಡಿ ಕೂರಿಸಿದ್ದಾರೆ.

“ಕಮಿಟಿ?” ಎಂದರು ಇವರು.

“ಭಾಗವತ ನಾನು. ನಾನು ಸಂಧಾನದ ಪದ್ಯ ತೆಗೀಲಿಲ್ಲ ಅಂದ್ರೆ ಅವ್ರು ಎಂತ ಮಾಡುದು?” ಎಂದು ನೊರ್ಬರ್ಟ್ ನಕ್ಕರು. ಕಾರಿನೊಳಗಿಂದ ರೋಸಲಿಂಡ್ ನನಗೆ ಕಣ್ಣು ಹೊಡೆದಳು.

೫ ಜನವರಿ ೨೦೦೭, ಶುಕ್ರವಾರ

ಉಪಾಧ್ಯರನ್ನು ಕೇಳಲು ರೂವಿಗೆ. ಗುಡ್ಡ ಹತ್ತಿಳಿದು ನಾಲ್ಕು ಗಂಟೆಯ ದಾರಿ, ಇವರು ದಾರಿಯುದ್ದಕ್ಕೂ ಪೆಟ್ರೋಲಿನ ಬಗ್ಗೆ ಮಾತ್ರ ಮಾತಾಡಿದರು.

ಉಪಾಧ್ಯರು ಒಂದು ಕಂಪನಿಯ ಚೀಫ್ ಅಕೌಂಟೆಂಟ್. ರಜೆಯ ಶುಕ್ರವಾರವೂ ಇಸ್ತ್ರಿ ಮುರಿಯದ ಅಂಗಿ. ಕಥೆಯನ್ನು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಹೇಳಿದರು: “ನನಗೆ ಆ ಅಧಿಕಾರಿ ಬೇಕು. ಖಳನ ಅರ್ಥಕ್ಕೆ ತೂಕ ಇಲ್ಲದಿದ್ರೆ ಎದುರಿನವರು ಗೆದ್ದದ್ದು ಗೆದ್ದ ಹಾಗಲ್ಲ. ಆಫ್ಕೆ ಯಾರು?”

“ನಾನು” ಎಂದೆ. ಇವರು ಸುಡುವ ಚಹಾವನ್ನು ಒಂದೇ ಗುಟುಕಿಗೆ ನುಂಗಿದರು.

“ಅಮ್ಮ, ನಿಮ್ಮ ಅಪ್ಪಯ್ಯ ಬ್ರಹ್ಮಾವರದ ತಾಳಮದ್ದಳೆಯಲ್ಲಿ ನನ್ನನ್ನು ಒಂದು ಸಲ ಮಾತಲ್ಲಿ ಸರಿಯಾಗಿ ಕಟ್ಟಿಹಾಕಿದವರು, ಆ ಗೌರವ ಉಂಟು. ಆದ್ರೆ ಈಗಲೇ ಹೇಳ್ತೇನೆ. ಕಥೆ ಪ್ರಕಾರ ನಾನು ಹಾಲು ಕುಡ್ದು ಹೋಗ್ಬೇಕು, ಸರಿ. ನಾನು ಹೋಗುವ ಹಾಗೆ ನೀವು ಮಾತಾಡ್ಬೇಕು. ಮಾತು ಹುಟ್ಟದಿದ್ರೆ ನಾನು ಮಗುವನ್ನು ಕರ್ಕೊಂಡೇ ಹೋಗುದು. ಆ ಅಜ್ಜಿ ಎದುರು ಕೂತಿದ್ರೂ ಅಷ್ಟೇ.”

ಒಪ್ಪಿಕೊಂಡೆ. ಬೇರೆ ಏನು ಮಾಡಲಿ?

೧೯ ಜನವರಿ

ಬರೆದು ಬಾಯಿಪಾಠ ಮಾಡಿದ್ದು ಸಾರು ಕುದಿಯುವಷ್ಟರಲ್ಲಿ ಮರೆತುಹೋಗುತ್ತದೆ. ಬರೆದದ್ದು ಅರ್ಥ ಅಲ್ಲ, ಗಿಣಿಪಾಠ ಎನ್ನುತ್ತಿದ್ದರು ಅಪ್ಪಯ್ಯ. ಅವರ ಮಗಳಾಗಿ ಹುಟ್ಟಿದ್ದಕ್ಕೆ ನನಗೆ ಬಂದದ್ದು ಅವರ ದೊಡ್ಡ ಹಣೆ ಮಾತ್ರ.

೨ ಫೆಬ್ರವರಿ, ಶುಕ್ರವಾರ

ಇವರನ್ನೇ ಅಧಿಕಾರಿ ಮಾಡಿ ಕೂರಿಸಿದೆ. ಸೌಟು ಹಿಡಿದು ಕೂತವರು ಆರಂಭದಲ್ಲೇ, “ಐಡಿ ಕಾರ್ಡ್ ಇಲ್ಲದಿದ್ರೆ ಒಳಗೆ ಬಿಡ್ಲಿಕ್ಕೆ ಆಗುದಿಲ್ಲ, ರೂಲ್ಸ್ ರೂಲ್ಸೇ” ಎಂದರು. ಪ್ಲಾಂಟಿನ ಗೇಟಿನಲ್ಲಿ ಹೇಳುವ ಮಾತು. ಅಷ್ಟಕ್ಕೇ ನನ್ನ ಬಾಯಿ ಕಟ್ಟಿತು. ಇವರಿಗೆ ಸೋತವಳು ಉಪಾಧ್ಯರ ಎದುರು ಏನು ಉಳಿಯುತ್ತೇನೆ?

ಅಜ್ಜಿಗೆ ಈಗ ಕನ್ನಡದ ಹುಚ್ಚು. ಪ್ರಥಮನೇ ಮೇಷ್ಟ್ರು. ನಮ್ಮ ಹತ್ತಿರ ಇಂಗ್ಲಿಷು ಬಿಟ್ಟು ಮಾತಾಡದವನು ಅವರಿಗೆ ಬಿಡಿಸಿ ಬಿಡಿಸಿ ಕನ್ನಡ ಹೇಳಿಕೊಡುತ್ತಾನೆ. ಸಂಜೆ ಹೋದರೆ ಅಜ್ಜಿ ಬಾಗಿಲಲ್ಲೇ “ಊಟ ಆಯಿತಾ?” ಎನ್ನುತ್ತಾರೆ, ಗಂಟೆ ಐದಾಗಿದ್ದರೂ. ಇಬ್ಬರೂ ಗುಸುಗುಸು ಮಾಡಿ, ನಾನು ಒಳಗೆ ಹೋದರೆ ಸುಮ್ಮನಾಗುತ್ತಾರೆ.

೧೪ ಫೆಬ್ರವರಿ

ಗಂಟಲು ಕಟ್ಟಿದೆ. ಶುಂಠಿ ಕಷಾಯ. ನಾಳೆಯೇ ತಾಳಮದ್ದಳೆ.

೧೬ ಫೆಬ್ರವರಿ, ಶುಕ್ರವಾರ

ನಿನ್ನೆ ನಡೆದದ್ದು ಎಲ್ಲವನ್ನೂ ಬರೆಯಬೇಕು. ಕೈ ನೋಯಲಿ.

ಕಾಲೋನಿಯ ಕ್ಲಬ್ ಹಾಲ್ ತುಂಬಿತ್ತು. ಅದೇ ಹಾಲ್, ಅದೇ ಜನ, ಅದೇ ವೇದಿಕೆ. ವೇದಿಕೆಯ ಮೇಲೆ ಜಮಖಾನ ಹಾಸಿ, ನಡುವೆ ತಾಳ ಹಿಡಿದು ನೊರ್ಬರ್ಟ್, ಪಕ್ಕದಲ್ಲಿ ಮಸ್ಕತ್ತಿನಿಂದ ಬಂದ ಮದ್ದಳೆಯವರು. ಎಡಕ್ಕೆ ಜರಿಶಾಲು ಹೊದ್ದ ಉಪಾಧ್ಯರು, ಬಲಕ್ಕೆ ಕಾಟನ್ ಸೀರೆಯ ನಾನು. ಎದುರಿನ ಸಾಲಿನಲ್ಲಿ ಯಾನ್, ಅಜ್ಜಿ, ಅಜ್ಜಿಯ ಕಿವಿಯ ಹತ್ತಿರ ಪ್ರಥಮ್. ಪ್ರತಿ ಮಾತನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳುವುದು ಅವನ ಕೆಲಸ, ತಾನೇ ಕೇಳಿ ಪಡೆದದ್ದು.

ಮೊದಲ ಪದ್ಯಗಳು ಸಲೀಸಾಗಿ ಹೋದವು. ಮಗು ಬಾಗಿಲು ತಟ್ಟಿದ್ದು, ಬಟ್ಟಲು ಇಟ್ಟದ್ದು. ಆಮೇಲೆ ನೊರ್ಬರ್ಟ್ ಅಧಿಕಾರಿಯ ಪ್ರವೇಶದ ಪದ್ಯ ಎತ್ತಿದರು. ಉಪಾಧ್ಯರು ಕಣ್ಣು ತೆರೆದರು. ನಾನು ಬಲ್ಲ ಉಪಾಧ್ಯರು ಅಲ್ಲಿ ಇರಲಿಲ್ಲ.

ಅವರು ಕೂಗಲಿಲ್ಲ. ತಣ್ಣಗೆ, ಜೇನು ಸುರಿದ ಹಾಗೆ ಮಾತಾಡಿದರು. ರೋಟರ್‌ಡ್ಯಾಮಿನ ನನ್ನ ಸುಳ್ಳನ್ನು ಮೊದಲ ಮಾತಿಗೇ ಬಿಡಿಸಿ ಬದಿಗಿಟ್ಟರು. “ಸುಟ್ಟ ಊರಿನಿಂದ ಬಂದ ಮಗು ಒಲೆಯ ಬೆಂಕಿಗೆ ಹೆದರುವುದಿಲ್ಲ, ನನ್ನ ಸಮವಸ್ತ್ರಕ್ಕೆ ಹೆದರುತ್ತದೆ. ತಾಯೇ, ಇದು ಹೇಗೆ?” ಆಮೇಲೆ ಒಂದೊಂದಾಗಿ ಪೇರಿಸಿದರು. ದೇಶಕ್ಕೆ ಒಬ್ಬ ಅರಸ ಎಂದ ಮೇಲೆ ಅವನ ಆಜ್ಞೆಯೇ ಧರ್ಮ. ಕಾಯಿದೆಯನ್ನು ಪ್ರತಿಯೊಬ್ಬಳೂ ತನ್ನ ಅಡಿಗೆಮನೆಯಲ್ಲಿ ತಿದ್ದುತ್ತ ಕೂತರೆ ರಾಜ್ಯ ನಿಲ್ಲುವುದುಂಟೇ. “ನೀನು ಐವರನ್ನು ಹೆತ್ತವಳು. ನಾಳೆ ನನ್ನ ಸೈನಿಕರು ಬಂದರೆ ಈ ಮನೆಗೆ ಬೆಂಕಿ. ಪರರ ಒಂದು ಕೂಸಿಗಾಗಿ ಹೆತ್ತ ಐವರನ್ನು ಬಲಿ ಕೊಡುವುದು ಯಾವ ಮಾತೃಧರ್ಮ? ಇವಳು ನಿನ್ನ ಜಾತಿಯಲ್ಲ. ನಿನ್ನ ಮತವಲ್ಲ. ನಿನ್ನ ರಕ್ತವಲ್ಲ. ಹೇಳು, ನಿನಗೂ ಇವಳಿಗೂ ಏನು ಸಂಬಂಧ?”

ಹಾಲ್‌ಗೆ ಹಾಲೇ ಚಪ್ಪಾಳೆ ತಟ್ಟಿತು. ತಟ್ಟಬೇಕಾದ ಮಾತೇ, ಅಷ್ಟು ಬಿಗಿಯಾಗಿತ್ತು. ಆದರೆ ನಾನು ಆ ಸದ್ದು ಕೇಳಿ ಕಂಗಾಲಾದೆ. ನವೆಂಬರಿನ ಚಪ್ಪಾಳೆಯೇ ಅದು. ಎದುರಿಗೆ ಪ್ರಥಮ್ ಇಂಗ್ಲಿಷಿಗೆ ತಿರುಗಿಸಲಾರದೆ ನನ್ನನ್ನೇ ನೋಡುತ್ತಿದ್ದ. ಅಜ್ಜಿಗೆ ಯಾರೂ ತಿರುಗಿಸಿ ಹೇಳುವ ಅಗತ್ಯವಿರಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಹಿಡಿದು ಕೂತಿದ್ದರು.

ನೊರ್ಬರ್ಟ್ ನನ್ನ ಪದ್ಯ ಹಾಡಿ ಮುಗಿಸಿದರು. ನಾನು ಮಾತಾಡಬೇಕು. ಬಾಯಿಪಾಠ ಮಾಡಿದ್ದೆಲ್ಲ ಆರಿಹೋಗಿತ್ತು. ಮದ್ದಳೆಯವರು ನನಗಾಗಿ ಇನ್ನೊಂದು ಸುತ್ತು ನುಡಿಸಿದರು. ಉಪಾಧ್ಯರು ಶಾಲು ಸರಿಮಾಡಿಕೊಂಡು, “ಮೌನವೇ ಉತ್ತರವಾದರೆ ಮಗುವನ್ನು ಎಬ್ಬಿಸು” ಎಂದರು. ಸತ್ಯವಾಗಿ ಕರೆದುಕೊಂಡು ಹೋಗುವವರೇ.

ಆಗ ಸಿಟ್ಟು ಬಂತು. ಅಪ್ಪಯ್ಯನ ಹಣೆಯ ಜೊತೆ ಅವರ ಸಿಟ್ಟೂ ನನಗೆ ಬಂದಿದೆ ಎಂದು ಕಾಣುತ್ತದೆ.

“ಸಂಬಂಧ ಹುಡುಕುವುದು ಬಾಗಿಲು ಮುಚ್ಚುವವರು” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ತೆಗೆಯುವವರಿಗೆ ಅದರ ಗೊಡವೆ ಇಲ್ಲ. ಇವಳು ತಟ್ಟಿದಳು, ತೆಗೆದೆ. ಹಸಿದಿದ್ದಳು, ಬಡಿಸಿದೆ. ಅಷ್ಟೇ ಸಂಬಂಧ. ಐವರನ್ನು ಹೆತ್ತವಳು ಎಂದೆಯಲ್ಲ, ಅವರು ಮೇಜಿನ ಸುತ್ತ ಕೂತು ನನ್ನನ್ನೇ ನೋಡುತ್ತಿದ್ದಾರೆ. ಈ ಆರನೆಯವಳನ್ನು ಇವತ್ತು ನಿನ್ನ ಕೈಗೆ ಕೊಟ್ಟರೆ, ಐದು ಮಂದಿಗೂ ಗೊತ್ತಾಗುತ್ತದೆ, ಅಮ್ಮ ಹೆದರಿದರೆ ಮಕ್ಕಳನ್ನು ಕೊಟ್ಟುಬಿಡುತ್ತಾಳೆ ಎಂದು. ಆಮೇಲೆ ಅವರು ಯಾರ ಮಡಿಲಲ್ಲಿ ನಿದ್ದೆ ಮಾಡಬೇಕು? ಅರಸನ ಆಜ್ಞೆ ಎಂದೆ. ನನ್ನ ಅಡಿಗೆಮನೆಗೆ ಅರಸ ಬಂದರೂ ಕೈ ತೊಳೆದೇ ಊಟಕ್ಕೆ ಕೂರಬೇಕು.”

ಯಾರೋ ನಕ್ಕರು. ನಾನು ನಿಲ್ಲಲಿಲ್ಲ.

“ಈಗ ನೀನೂ ನನ್ನ ಬಾಗಿಲು ತಟ್ಟಿದೆ. ನಿನಗೂ ತೆಗೆದೆ. ನಿನ್ನ ಜಾತಿ ಕೇಳಿದೆನೇ? ಮತ ಕೇಳಿದೆನೇ? ನಿನ್ನ ಸೊಂಟದಲ್ಲಿ ಪಿಸ್ತೂಲು ಇದೆ, ಅದನ್ನೂ ಕೇಳಲಿಲ್ಲ. ಹೊರಗೆ ಹಿಮ ಬೀಳುತ್ತಿದೆ, ನಿನ್ನ ತುಟಿ ನೀಲಿಯಾಗಿದೆ. ನಿನ್ನನ್ನೂ ಒಬ್ಬಳು ಹೆತ್ತಿದ್ದಾಳೆ, ಈ ಹೊತ್ತು ಅವಳು ಕಿಟಕಿ ನೋಡುತ್ತ ಕೂತಿರಬೇಕು, ನನ್ನ ಮಗನಿಗೆ ಯಾರಾದರೂ ಬಾಗಿಲು ತೆಗೆದರೋ ಇಲ್ಲವೋ ಎಂದು. ಮಗುವನ್ನು ಕರೆದುಕೊಂಡು ಹೋಗುವುದಾದರೆ ಹೋಗು. ಅದಕ್ಕೆ ಮುಂಚೆ ಇಲ್ಲಿ ಕೂತುಕೋ. ಹಾಲು ಕುಡಿ. ಆರುತ್ತದೆ.”

ಮುಗಿಯಿತು.

ಎದುರಾಳಿಗೆ ಉಸಿರು ಬಿಡಲು ಕೊಡದ ಉಪಾಧ್ಯರು ಸುಮ್ಮನೆ ಕೂತರು. ಚಪ್ಪಾಳೆ ಇಲ್ಲ. ಪ್ರಥಮನ ಪಿಸುದನಿ ಕೊನೆಯ ಸಾಲನ್ನು ತಿರುಗಿಸಿದ್ದು ನನ್ನವರೆಗೂ ಕೇಳಿಸಿತು. ಅಜ್ಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಉಪಾಧ್ಯರು ಹೆಗಲಿನಿಂದ ಶಾಲು ತೆಗೆದು ಮಡಚಿ ಪಕ್ಕಕ್ಕಿಟ್ಟರು, ಅಧಿಕಾರಿ ಟೊಪ್ಪಿ ತೆಗೆದ ಹಾಗೆ. “ಕುಡಿದೆ ತಾಯೇ” ಎಂದರು. “ಹೋಗುತ್ತೇನೆ. ಹೋಗುವ ಮುಂಚೆ ಒಂದು ಕೇಳುತ್ತೇನೆ, ಬರೆದುಕೊಳ್ಳಲಿಕ್ಕೆ ಅಲ್ಲ. ಈ ಮಗುವಿನ ಹೆಸರು ಏನು?”

ಮಾರಿಕೆ ಎಂದು ನಾನು ಹೇಳಬೇಕಿತ್ತು, ಪದ್ಯದಲ್ಲಿಯೂ ಹಾಗೇ ಇದೆ. ಬಾಯಿ ತೆರೆಯುವಷ್ಟರಲ್ಲಿ ಎದುರಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಅಜ್ಜಿ ಎದ್ದು ನಿಂತಿದ್ದರು. ಪ್ರಥಮ್ ಅವರ ಮೊಣಕೈ ಹಿಡಿದಿದ್ದ.

“ನನ್ನ ಹೆಸರು ಎಸ್ತರ್” ಎಂದರು ಅಜ್ಜಿ. ಕನ್ನಡದಲ್ಲಿ, ಸ್ಪಷ್ಟವಾಗಿ, ಇಡೀ ಹಾಲ್‌ಗೆ ಕೇಳುವ ಹಾಗೆ.

ಯಾನ್ ಅವರ ಮುಖ ನೋಡಿದೆ. ಅಮ್ಮನ ಬಾಯಿಂದ ಆ ಹೆಸರನ್ನು ಮಗನೂ ಕೇಳಿದ್ದು ಅದೇ ಮೊದಲು. ಉಪಾಧ್ಯರು ಕೂತಲ್ಲಿಂದ ಎದ್ದು ಕೈಮುಗಿದರು. ಅವರ ಹಿಂದೆ ನೊರ್ಬರ್ಟ್ ಎದ್ದರು, ನಾನು ಎದ್ದೆ, ಆಮೇಲೆ ಸಾಲು ಸಾಲಾಗಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಬಾಗಿಲ ಹತ್ತಿರ ನಿಂತಿದ್ದ ರಹ್ಮತ್ ಕೂಡ ತಟ್ಟಿದ. ಅಜ್ಜಿ ಈ ಸಲ ಹೊರಗೆ ಹೋಗಲಿಲ್ಲ. ಅಷ್ಟು ಚಪ್ಪಾಳೆಯ ನಡುವೆ ನೆಟ್ಟಗೆ ನಿಂತು ತಾವೂ ತಟ್ಟಿದರು. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ಮಂಗಳದ ಪದ್ಯ ಮುಗಿದ ಮೇಲೆ ಅಜ್ಜಿ ನನ್ನ ಕೈ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಹೇಳಿದರು: “ಆಫ್ಕೆ ನನಗೆ ಪ್ರತಿ ಸಲವೂ ಉತ್ತರ ಹೇಳಿದ್ದಳು. ನಾನೇ ಅದನ್ನು ಬರೀ ಹಾಲಿನ ಮಾತು ಎಂದು ತಿಳಿದೆ.”

ಉಪಾಧ್ಯರು ಊಟಕ್ಕೆ ಕೂತಾಗ, “ಅಪ್ಪಯ್ಯ ಕಟ್ಟಿಹಾಕಿದ್ದು ಒಮ್ಮೆ, ಮಗಳದ್ದು ಎರಡನೇ ಸಲ. ಇನ್ನು ನಿಮ್ಮ ಊರಿಗೆ ಬರುವಾಗ ಯೋಚಿಸ್ಬೇಕು” ಎಂದರು. ಇವರು ನನ್ನ ಎಲೆಗೆ ಪಾಯಸ ಬಡಿಸಿದರು. ಮದುವೆಯಾದ ಮೇಲೆ ಇದೇ ಮೊದಲಿರಬೇಕು.

೧೮ ಫೆಬ್ರವರಿ, ಭಾನುವಾರ

ಅಜ್ಜಿಯನ್ನು ಕಳಿಸಲು ಮಸ್ಕತ್ತಿನ ಸೀಬ್ ವಿಮಾನ ನಿಲ್ದಾಣಕ್ಕೆ. ಇವರು ರಜೆ ಇಲ್ಲ ಎಂದು ಗೊಣಗಿದರು, ನಾನು ಹೋಗಿಬರುತ್ತೇನೆ ಎಂದು ಹೇಳಿ ಹೊರಟೆ. ಆಮೇಲೆ ಇವರೇ ರಜೆ ಹಾಕಿ ಕಾರು ತೆಗೆದರು. ಮುಂದಿನ ರಾಜ್ಯೋತ್ಸವಕ್ಕೆ ಮಕ್ಕಳಿಗೆ ಏನು ಮಾಡಿಸುವುದೆಂದು ನೊರ್ಬರ್ಟ್ ಕೇಳಿದ್ದಾರಂತೆ, “ನೀನೇ ಹೇಳು, ನನ್ನನ್ನು ಯಾಕೆ ಕೇಳ್ತಾರೋ” ಎಂದರು. ಈ ಗಂಡಸರಿಗೆ ಎಲ್ಲದಕ್ಕೂ ನಾನೇ ಆಗಬೇಕು.

ಹಾಟ್‌ಕೇಸ್ ಅಜ್ಜಿಯ ಸೂಟ್‌ಕೇಸಿನಲ್ಲಿದೆ. ನನಗೆ ಬೇಕು ಎಂದು ಅವರೇ ಕೇಳಿ ತೆಗೆದುಕೊಂಡರು.

ಒಳಗೆ ಹೋಗುವ ಗೇಟಿನ ಹತ್ತಿರ ಪ್ರಥಮ್ ನಿಂತಿದ್ದ. ಅಜ್ಜಿ ಕಾಗದ ತೋರಿಸಿ, ಬೆನ್ನು ತಿರುಗಿಸಿ, ಜನರ ನಡುವೆ ನಡೆದುಹೋಗುತ್ತಿದ್ದರು. ಆಗ ಇವನು ಕಂಬಿಗೆ ಹೊಟ್ಟೆ ಒತ್ತಿ, ಅಷ್ಟು ಜನ ನೋಡುತ್ತಿದ್ದರೂ ಲೆಕ್ಕಿಸದೆ, ಗಟ್ಟಿಯಾಗಿ ಕರೆದ.

“ಎಸ್ತರಜ್ಜೀ.”

ಅವರು ತಿರುಗಿ ನೋಡಿದರು.